ಮೇಸ್ತ್ರಿಯ ತಲೆಯ ನಾಲ್ಕು ಪಾಲು

ಇಡೀ ರಗಳೆಗೆ ಕಾರಣ ಹೆಬ್ಬೆರಳಿನಷ್ಟು ಉದ್ದದ ಒಂದು ಟ್ಯೂಬು. ಬಣ್ಣದ ಮೇಸ್ತ್ರಿ ಅದನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಕೊಂಡಿದ್ದೇನೂ ತಪ್ಪಲ್ಲ. ಅದನ್ನು ಭಾವಮೈದನ ಮೆಡಿಕಲ್ ಸ್ಟೋರಿಗೆ ತಂದು, ಗಾಜಿನ ಕೌಂಟರಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟನಲ್ಲ, ಅದು ತಪ್ಪಾಯಿತು.

"ಏನ್ ಭಾವ, ಹಲ್ಲುಜ್ಜೋ ಪೇಸ್ಟಾ?" ಅಂದ ಭಾವಮೈದ.

"ಸನ್‌ಸ್ಕ್ರೀನು. ನೀನು ಮಾರ್ತೀಯಲ್ಲ, ಅದರ ಕಾಲುಭಾಗ ಬೆಲೆ. ಕೆಲಸ ಮಾತ್ರ ಅಷ್ಟೇ ಮಾಡುತ್ತೆ."

"ಅಗ್ಗ ಅಂತ ಮುಗ್ಗಿದ ಜೋಳ ತಂದಿದ್ದೀರಿ. ಈ ಬಿಸಿಲಿಗೆ ದುಬಾರಿ ಕ್ರೀಮೇ ಬೇಕು."

"ಬೇಕಾಗಿಲ್ಲ!"

"ಬೇಕೇ ಬೇಕು!"

ಮಾತ್ರೆ ಕೊಳ್ಳಲು ಬಂದವರು ಮಾತ್ರೆ ಮರೆತು ನಿಂತರು. ಅಲ್ಲೇ ಪಂಥವಾಯಿತು. ಸೋತವನು ಇದೇ ಕೌಂಟರಿನ ಮುಂದೆ ನಿಂತು ನಾಲ್ಕು ಜನ ಕೇಳುವಂತೆ 'ನೀನೇ ಸರಿ' ಅನ್ನಬೇಕು. ಕೇಳುವವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಮೇಸ್ತ್ರಿ ಮದುವೆಯಾದ ದಿನದಿಂದ ಈ ಇಬ್ಬರೂ ಒಬ್ಬರಿಗೊಬ್ಬರು ಆ ಮಾತು ಅಂದಿದ್ದಿಲ್ಲ. ಅದನ್ನು ಭಾವಮೈದನ ಬಾಯಿಂದ ಕೇಳಬೇಕೆಂಬುದು ಮೇಸ್ತ್ರಿಯ ಬಾಳಿನ ದೊಡ್ಡ ಆಸೆಯಾಗಿತ್ತು.

ಪರೀಕ್ಷೆಗೆ ಜಾಗ ಹುಡುಕಬೇಕಾಗಿರಲಿಲ್ಲ. ಮೇಸ್ತ್ರಿಯ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಅದಕ್ಕವನಿಗೆ ಬೇಸರವಿಲ್ಲ, ಹೆಮ್ಮೆ. "ಪುಟ್ಟಿ ಹಾಕಿ ಉಜ್ಜಿದ ಗೋಡೇನೂ ಇಷ್ಟು ನುಣುಪಾಗಿರಲ್ಲ" ಅನ್ನುತ್ತಿದ್ದ. ಹೊರಗೋಡೆಗೆ ಬಣ್ಣ ಆರಿಸುವಾಗ ಅವನು ಯಾವ ಕಂಪನಿಯ ಮಾತನ್ನೂ ನಂಬುವವನಲ್ಲ. ಗೋಡೆಗೆ ಟೇಪು ಅಂಟಿಸಿ ಚೌಕ ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು, ಒಂದನ್ನು ಖಾಲಿ ಬಿಟ್ಟು, ತೀರ್ಪನ್ನು ಬಿಸಿಲಿಗೆ ಬಿಡುತ್ತಿದ್ದ. ಗೋಡೆಗೊಂದು ನ್ಯಾಯ, ತಲೆಗೊಂದು ನ್ಯಾಯವೇ? ಮಾರನೆಯ ಬೆಳಗ್ಗೆ, ಆ ಪುಟ್ಟ ಟ್ಯೂಬಿನ ಜೊತೆಗೆ ಅಷ್ಟೇ ಅಗ್ಗದ ಇನ್ನೆರಡು ಟ್ಯೂಬು ತಂದಿಟ್ಟು, ತಲೆಯ ಮೇಲೆ ಅಡ್ಡ ಉದ್ದ ಟೇಪು ಅಂಟಿಸಿಕೊಂಡು ಹೆಂಡತಿಯ ಮುಂದೆ ಸ್ಟೂಲಿನ ಮೇಲೆ ಕುಳಿತ.

"ಮುಂದಿನ ಎರಡು ಪಾಲಿಗೆ ಎರಡು ಟ್ಯೂಬು, ಹಿಂದೆ ಎಡಕ್ಕೆ ಮೂರನೇದು. ಹಿಂದಿನ ಬಲಪಾಲು ಖಾಲಿ ಬಿಡು. ಎಲ್ಲಾ ಅಗ್ಗದ್ದೇ ಅಂತ ಸುರೀಬೇಡ. ಕಡಲೆಕಾಳಿನಷ್ಟು ಸಾಕು."

"ನಿಮ್ಮ ತಲೆ!" ಅಂದಳು ಹೆಂಡತಿ.

"ಅದಕ್ಕೇ ಹೇಳ್ತಿರೋದು."

ಅವತ್ತು ಕೆಲಸವಿದ್ದದ್ದು ನಿವೃತ್ತ ಹೆಡ್‌ಮೇಷ್ಟ್ರ ಮನೆಯ ಹೊರಗೋಡೆಗೆ. ಮೇಸ್ತ್ರಿ ಕೆಲವು ತಿಂಗಳಿಂದ ಒಳಗಿನ ಕೆಲಸವನ್ನೇ ಮಾಡಿದ್ದರಿಂದ ತಲೆಯೆಲ್ಲ ಒಂದೇ ಬಣ್ಣಕ್ಕಿತ್ತು. ಇಂಥ ಹದವಾದ ತಲೆ ಮತ್ತೆ ಸಿಗುವುದಿಲ್ಲವೆಂದು ಅವನು ಎದೆ ಸೆಟೆಸಿ ಏಣಿ ಹತ್ತಿದ.

ಮೊದಲ ಅಡ್ಡಿ ಜೊತೆಗಾರ ಉದ್ದಣ್ಣನದು. ಏಣಿಯಿಲ್ಲದೆ ಸೂರು ಮುಟ್ಟುವ ಆಳು. ಕನಿಕರ ಬಂದು ಪೇಪರಿನ ಟೋಪಿ ಮಾಡಿ ಹಿಂದಿನಿಂದ ಮೇಸ್ತ್ರಿಯ ತಲೆಗೆ ಇಟ್ಟೇಬಿಟ್ಟ.

"ತೆಗಿಯೋ! ಪರೀಕ್ಷೆ ಕೆಡಿಸ್ತೀಯಾ?"

"ತಲೆ ಕೆಟ್ಟಿರೋದು ನನಗಲ್ಲಣ್ಣ" ಅಂದು ಉದ್ದಣ್ಣ ಟೋಪಿಯನ್ನು ತಾನೇ ಹಾಕಿಕೊಂಡ.

ಆಮೇಲೆ ಮೇಸ್ತ್ರಿಗೆ ಹೊಸ ಚಿಂತೆ ಹತ್ತಿತು. ಗೋಡೆಯ ಕಡೆ ಮುಖ ಮಾಡಿಯೇ ನಿಂತರೆ ಹಿಂದಿನ ಪಾಲುಗಳಿಗಷ್ಟೇ ಬಿಸಿಲು. ನಾಲ್ಕಕ್ಕೂ ಸಮನಾಗಿ ಬೀಳಬೇಡವೇ? ಅದಕ್ಕೆ ಸ್ವಲ್ಪ ಹೊತ್ತು ಎಡಕ್ಕೆ ತಿರುಗಿದ, ಸ್ವಲ್ಪ ಹೊತ್ತು ಬಲಕ್ಕೆ. ಕಡೆಗೆ ಗೋಡೆಗೆ ಬೆನ್ನು ಹಾಕಿ ಭುಜದ ಮೇಲಿಂದ ಬ್ರಶ್ಶು ಆಡಿಸತೊಡಗಿದ. ಕಿಟಕಿಯ ಗಾಜಿಗೂ ಒಂದಿಷ್ಟು ಬಣ್ಣ ಬಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಇದನ್ನು ಕಂಡ ಹೆಡ್‌ಮೇಷ್ಟ್ರು, ಮನುಷ್ಯನಿಗೆ ಬಿಸಿಲು ನೆತ್ತಿಗೇರಿದೆಯೆಂದು ಕೊಡೆ ಬಿಚ್ಚಿಕೊಂಡು ಓಡಿಬಂದರು.

"ನೆರಳು ಬೇಡ ಸಾರ್!"

"ಬೇಡ ಅನ್ನೋರಿಗೇ ಮೊದಲು ಕೊಡಬೇಕು ಕಣಯ್ಯ!" ಎಂದು ಮೇಷ್ಟ್ರು ಕೊಡೆಯನ್ನು ಮೇಲೆತ್ತಿದರು. ಮೇಸ್ತ್ರಿ ತಪ್ಪಿಸಿಕೊಂಡ. ಅವರು ಇನ್ನಷ್ಟು ಎತ್ತಿದರು. ಕೊಡೆಯ ತುದಿ ಏಣಿಗೆ ನೇತುಹಾಕಿದ್ದ ಬಣ್ಣದ ಬಕೆಟ್ಟಿಗೆ ತಗುಲಿತು, ಬಕೆಟ್ಟು ಮಗುಚಿತು. ಕರಿ ಕೊಡೆ ಕ್ಷಣಾರ್ಧದಲ್ಲಿ ಕೆನೆಬಣ್ಣದ ಕೊಡೆಯಾಯಿತು. ಮೇಷ್ಟ್ರ ಮೈಮೇಲೆ ಒಂದು ಹನಿಯೂ ಬೀಳಲಿಲ್ಲವೆಂಬುದೇ ಸಮಾಧಾನ. ವಿಷಯ ತಿಳಿದ ಮೇಲೆ ಅವರು ಸಿಟ್ಟಾಗುವ ಬದಲು, "ಪ್ರಯೋಗ ಅಂತ ಮೊದಲೇ ಹೇಳಬಾರದಾ? ತೀರ್ಪು ಹೇಳೋಕೆ ನಾನೇ ಬರ್ತೀನಿ" ಅಂದರು.

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ, "ತಲೆ ತುಂಬ ಧೂಳು" ಎಂದು ಹಿಂದೆ ನಿಂತು ಏನೋ ಒರೆಸಿದಳು. "ಟೇಪು ಜೋಪಾನ" ಅಂದದ್ದು ಬಿಟ್ಟರೆ ಮೇಸ್ತ್ರಿ ಊಟದಿಂದ ಮುಖ ಎತ್ತಲಿಲ್ಲ.

ಸಂಜೆ ಮೆಡಿಕಲ್ ಸ್ಟೋರಿನ ಮುಂದೆ ಜಾತ್ರೆಯಷ್ಟು ಜನ. ಮೇಸ್ತ್ರಿ ಗೆದ್ದ ಮುಖದಲ್ಲೇ ಸ್ಟೂಲಿನ ಮೇಲೆ ಕುಳಿತ. ಹೆಡ್‌ಮೇಷ್ಟ್ರು ಕನ್ನಡಕ ಏರಿಸಿ ಟೇಪು ಕಿತ್ತರು. ನಾಲ್ಕೂ ಪಾಲನ್ನು ಬಗ್ಗಿ ಬಗ್ಗಿ ನೋಡಿದರು.

"ಏನ್ ಸಾರ್? ಯಾವ ಟ್ಯೂಬು ಗೆದ್ದಿತು?"

"ಮೂರೂ ಪಾಲು ಇಟ್ಟಿಗೆ ಥರ ಕೆಂಪಗಾಗಿವೆಯಯ್ಯ. ಖಾಲಿ ಬಿಟ್ಟಿದ್ದು ಮಾತ್ರ ಬೆಳಗ್ಗೆ ಇದ್ದ ಹಾಗೇ ಇದೆ."

ಭಾವಮೈದ ನಗಲು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ಕೈಯೆತ್ತಿದರು. "ತಡಿ. ಪಂಥ ಏನು? ದುಬಾರಿ ಕ್ರೀಮು ಬೇಕೇ ಬೇಕು ಅಂದೋನು ನೀನು, ಬೇಕಾಗಿಲ್ಲ ಅಂದೋನು ಇವನು. ಏನೂ ಹಚ್ಚದ ಪಾಲೇ ಚೆನ್ನಾಗಿದೆ ಅಂದ್ಮೇಲೆ ಬೇಕಾಗಿಲ್ಲ ಅಂತಲೇ ಆಯ್ತಲ್ಲ!"

ಜಟ್ಟಿ ಬಿದ್ದಿದ್ದ, ಮೀಸೆ ಮಣ್ಣಾಗಿರಲಿಲ್ಲ. ಮೇಸ್ತ್ರಿ ಎದ್ದು ನಿಂತು ಮೀಸೆ ತಿರುವಿದ. ಭಾವಮೈದ ಆ ತಲೆಯನ್ನು ಮುಟ್ಟಿ ನೋಡಿದ, ಉಜ್ಜಿ ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡು, "ನೀವೇ ಸರಿ, ಭಾವ" ಅಂದ.

ಆಹಾ! ಮೇಸ್ತ್ರಿಯ ಕಣ್ಣು ತೇವವಾಯಿತು. ಚಪ್ಪಾಳೆಯ ನಡುವೆ ಅವನು ಗುಡುಗಿದ: "ನಾಳೆಯಿಂದ ಈ ತಲೆಗೆ ಟ್ಯೂಬೂ ಇಲ್ಲ, ಟೋಪೀನೂ ಇಲ್ಲ! ಯಾರು ಬೇಕಾದ್ರೂ ಬಂದು ನೋಡ್ಕೊಳ್ಳಿ!"

ಮನೆಗೆ ಬಂದು ಕತೆಯನ್ನೆಲ್ಲ ಹೇಳಿದರೆ ಹೆಂಡತಿ ಲೋಟ ಕೆಳಗಿಟ್ಟಳು.

"ರೀ, ಆ ಪಾಲು ಖಾಲಿ ಇರ್ಲಿಲ್ಲ. ನಿಮ್ಮ ಆ ಪುಟ್ಟ ಟ್ಯೂಬು ಇತ್ತಲ್ಲ, ಅದನ್ನ ದಪ್ಪಗೆ ಮೆತ್ತಿದ್ದೆ. ಮಧ್ಯಾಹ್ನ ಇನ್ನೊಂದು ಸಲ."

"ಯಾಕೆ?"

"ಗೋಡೆಗಾದ್ರೆ ಎರಡು ಕೋಟು ಹೊಡೀತೀರಿ. ನಿಮ್ಮ ತಲೆಗೆ ಕಡಲೆಕಾಳು ಸಾಕಾ? ಮೂರು ಪಾಲು ನಿಮ್ಮಿಷ್ಟದ ಹಾಗೆ ಬಿಟ್ಟೆ. ಒಂದು ಪಾಲಾದ್ರೂ ನನ್ನದಲ್ವಾ? ಬಿಸಿಲಲ್ಲಿ ಬೇಯಲಿ ಅಂತ ಬಿಡೋಕೆ ಮನಸ್ಸು ಬರಲಿಲ್ಲ."

ಮೇಸ್ತ್ರಿ ತಲೆಯ ಹಿಂದಿನ ಬಲಪಾಲನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡ. ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಅಂದರೆ ಅವನು ಮೊದಲು ಹೇಳಿದ್ದೇ ನಿಜ, ಅಗ್ಗದ ಟ್ಯೂಬೇ ತಲೆ ಕಾದಿತ್ತು! ನಿಜವಾಗಿಯೂ ಗೆದ್ದಿದ್ದ, ಆದರೆ ಬಾಯಿಬಿಡುವ ಹಾಗಿರಲಿಲ್ಲ. ಬಿಟ್ಟರೆ ಹೆಂಡತಿಯ ಕೈಯಲ್ಲಿ ಮೋಸ ಮಾಡಿಸಿದ ಅನ್ನುತ್ತಾರೆ, ಆ 'ನೀವೇ ಸರಿ' ವಾಪಸ್ ಹೋಗುತ್ತದೆ. ಬಾಯಲ್ಲಿ ಬಿಸಿ ತುಪ್ಪ.

"ಹೋಗ್ಲಿ ಬಿಡಿ. ದಿನಾ ಬೆಳಗ್ಗೆ ಗುಟ್ಟಾಗಿ ಹಚ್ಚಿ ಕಳಿಸ್ತೀನಿ. ಯಾರಿಗೆ ಗೊತ್ತಾಗುತ್ತೆ?" ಅಂದಳು ಹೆಂಡತಿ. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು.

ಬೆಳಗ್ಗೆ ಅವಳು ನಾಲ್ಕೂ ಪಾಲಿಗೆ ಧಾರಾಳವಾಗಿ ಮೆತ್ತಿ, ಕಾಣದಂತೆ ತಿಕ್ಕಿದಳು. ಮೇಸ್ತ್ರಿ ಹೆಮ್ಮೆಯಿಂದ ಬಾಗಿಲು ತೆರೆದ. ಹೊರಗೆ ಭಾವಮೈದ ನಿಂತಿದ್ದ. ಕೈಯಲ್ಲಿ ನೀರಿನ ಚೊಂಬು, ಸೋಪು, ಹೆಗಲಿಗೆ ಟವೆಲ್ಲು. ಅವನ ಹಿಂದೆ ಹೆಡ್‌ಮೇಷ್ಟ್ರು, ಉದ್ದಣ್ಣ, ಅರ್ಧ ಬೀದಿ.

"ಭಾವ, ರಾತ್ರಿಯೆಲ್ಲ ಯೋಚಿಸಿದೆ. ನನ್ನ ವ್ಯಾಪಾರ ಬಿದ್ರೂ ಬೀಳಲಿ, ನೀವೇ ಸರಿ. ಆದ್ರೆ ಗುಟ್ಟಾಗಿ ಏನೋ ಹಚ್ಚಿದ್ದಾರೆ ಅಂತ ನಾಳೆ ಯಾರೂ ನಿಮ್ಮ ಕಡೆ ಬೆರಳು ಮಾಡಬಾರದು. ಅದಕ್ಕೇ ಇವತ್ತಿಂದ ದಿನಾ ಬೆಳಗ್ಗೆ ನಾನೇ ಬಂದು ಎಲ್ಲರೆದುರು ನಿಮ್ಮ ತಲೆ ತೊಳೆದು ಕಳಿಸ್ತೀನಿ."

ಬಾಗಿಲ ಸಂದಿಯಲ್ಲಿ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮೇಸ್ತ್ರಿ ಒಮ್ಮೆ ಸೋಪನ್ನು ನೋಡಿದ, ಒಮ್ಮೆ ಜನರನ್ನು ನೋಡಿದ. ಆಮೇಲೆ, ಗೆದ್ದವನಿಗೆ ತಕ್ಕ ಗತ್ತಿನಿಂದ, ಭಾವಮೈದನ ಮುಂದೆ ತಲೆ ಬಗ್ಗಿಸಿದ.