ಬಿರುಗಣ್ಣನಿಗೆ ಬಿಕ್ಕಳಿಕೆ ಬಂದದ್ದು

"ಬಾಯ್ತುಂಬಾ ಬ್ರೆಡ್ ಇಟ್ಕೊಂಡು ಸಾಯ್ಬೇಡಿ ಅಂತ ನಿಮಗೆ ಎಷ್ಟು ಸಲ ಹೇಳ್ಬೇಕು?" ಎಂದಳು ಹೆಂಡತಿ, ನೀರಿನ ಲೋಟ ಮುಂದೆ ತಳ್ಳುತ್ತಾ.

ಗಂಡ ಸಾಯುವುದನ್ನು ಅಭ್ಯಾಸ ಮಾಡುತ್ತಿದ್ದ. ಎಡಗೈಯಲ್ಲಿ ಸಂಭಾಷಣೆಯ ಹಾಳೆ, ಬಲಗೈಯಲ್ಲಿ ಕಚ್ಚಿದ ಬ್ರೆಡ್ಡು, ಬಾಯಲ್ಲಿ "ಆಕಾಶ ನನ್ನದು! ಗಾಳಿ ನನ್ನದು!" ಎಂಬ ಗರ್ಜನೆ. ಮೂರನೆಯ "ನನ್ನದು" ಮೇಲೆ ಬರುವುದಕ್ಕೂ ಬ್ರೆಡ್ಡಿನ ತುಂಡು ಕೆಳಗಿಳಿಯುವುದಕ್ಕೂ ಸರಿಹೋಯಿತು. ಕಿರುಬಾಗಿಲಲ್ಲಿ ಎದುರುಬದುರಾದ ಬೀಗರ ಹಾಗೆ ಎರಡೂ ಗಂಟಲಲ್ಲಿ ನಿಂತವು. ಯಾರೂ ದಾರಿ ಬಿಡಲಿಲ್ಲ.

"ಬಿಕ್!"

"ಯಾರೋ ನೆನೆಸ್ಕೋತಿದ್ದಾರೆ."

"ನನ್ನನ್ನ ಯಾರು... ಬಿಕ್... ನೆನೆಸ್ಕೋತಾರೆ?"

ಅವಳು ಒಂದು ಗಳಿಗೆ ಯೋಚಿಸಿದಳು. "ಅದೂ ನಿಜಾನೇ. ಹಾಗಾದ್ರೆ ನೀರು ಕುಡೀರಿ."

ನೀರು ಕುಡಿದ. ನೀರಿಗೂ ಬಿಕ್ಕಳಿಕೆ ಬಂದು ಅರ್ಧ ಅಂಗಿಯ ಮೇಲೆ ಇಳಿಯಿತು.

ಈತನ ಹೆಸರು ಏನಾದರೂ ಇರಲಿ, ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದು 'ದೊರೆ' ಅಂತ. ಮೂರು ವರ್ಷದಿಂದ ಬರುತ್ತಿರುವ ಕಾರ್ಟೂನು ಧಾರಾವಾಹಿಯೊಂದರಲ್ಲಿ ಬಿರುಗಣ್ಣ ಚಕ್ರವರ್ತಿಗೆ ಧ್ವನಿ ಕೊಡುವವನು ಇವನೇ. ಬಿರುಗಣ್ಣ ಅಂದರೆ ಸಾಮಾನ್ಯನಲ್ಲ. ಮೋಡದ ಮೇಲಿನ ಕೋಟೆಯಲ್ಲಿ ಗಂಟೆ ಹೊಡೆಯುವ ಕೆಲಸಕ್ಕಿದ್ದವನು, ಒಂದು ದಿನ ಗಂಟೆಯನ್ನು ನಿಲ್ಲಿಸಿ "ಇನ್ನು ನಾನು ಹೇಳಿದಾಗಲೇ ಬೆಳಗಾಗೋದು" ಎಂದ. ಅಲ್ಲಿಂದ ಶುರು. ಗಾಳಿ ಒಂದೇ ದಿಕ್ಕಿಗೆ ಬೀಸಬೇಕೆಂದ. ಹಕ್ಕಿಗಳು ಸಾಲಾಗಿ ಹಾರಬೇಕೆಂದ. ನೆರಳಿಗೂ ಪರವಾನಗಿ ಬೇಕೆಂದ. ಮೂರು ವರ್ಷ ಮೆರೆದ. ಕೊನೆಗೆ ಹಕ್ಕಿಗಳೆಲ್ಲ ಸೇರಿ ಕೋಟೆಯ ಕೆಳಗಿನ ಮೋಡವನ್ನು ಕೊಕ್ಕುಕೊಕ್ಕಾಗಿ ಕಚ್ಚಿ ಒಯ್ದವು. ಹೋದ ವಾರದ ಕಂತಿನಲ್ಲಿ ಕೋಟೆ ಒಂದು ಕಡೆಗೆ ವಾಲಿತ್ತು. ಇವತ್ತು ಬಿರುಗಣ್ಣ ಬಿದ್ದು ಸಾಯಬೇಕು.

ಸಾಯುವುದು ಬಿರುಗಣ್ಣ, ಜೀವ ಹೋಗುತ್ತಿದ್ದದ್ದು ದೊರೆಗೆ. ಸಂಜೆ ನಾಲ್ಕಕ್ಕೆ ಮೇಡಂ ಬರುತ್ತಾರೆ. ಧಾರಾವಾಹಿ ಮಾಡಿಸುವವರು ಅವರೇ, ಅವರು ಹ್ಞೂಂ ಅಂದರೆ ಹ್ಞೂಂ, ಉಹ್ಞೂಂ ಅಂದರೆ ಉಹ್ಞೂಂ. ಸಾವು ಅವರಿಗೆ ಹಿಡಿಸಿದರೆ ಮುಂದಿನ ಧಾರಾವಾಹಿಯಲ್ಲಿ ದೊರೆಗೊಂದು ಪಾತ್ರ. ಇಲ್ಲವಾದರೆ ನಾಳೆಯಿಂದ ಮನೆ. ಮನೆಯಲ್ಲಿ ಕೂರುವುದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆಯುತ್ತಿದ್ದ ಮಾತೇ ಬೇರೆ. ಬಸ್ಸಿನಲ್ಲಿ "ಸ್ವಲ್ಪ ಸರೀರಿ" ಅಂದರೆ ಇವನ ಮಾತು ಕೇಳಿ ಯಾರೂ ಸರಿದವರಲ್ಲ. ಆದರೆ ಆ ಬೂದು ಗೋಡೆಯ ಪುಟ್ಟ ಕೋಣೆಯೊಳಗೆ ಮೈಕಿನ ಮುಂದೆ ನಿಂತು "ಮೊಣಕಾಲೂರು!" ಅಂದರೆ ಬೆಟ್ಟಗಳು ಮೊಣಕಾಲೂರುತ್ತಿದ್ದವು. ಬೆಟ್ಟಕ್ಕೆ ಮೊಣಕಾಲು ಬರೆದುಕೊಡಲು ಅಲ್ಲಿ ಒಂಬತ್ತು ಜನರಿದ್ದರು.

ಸ್ಟುಡಿಯೋದ ಮೆಟ್ಟಿಲಲ್ಲೇ ಅಜ್ಜಿ ಸಿಕ್ಕಿದರು. ಕಸ ಗುಡಿಸುವುದರಿಂದ ಚಹಾ ಕಾಯಿಸುವವರೆಗೆ ಆ ಮೂರನೆಯ ಮಹಡಿ ನಿಂತಿದ್ದದ್ದೇ ಅವರ ಮೇಲೆ.

"ದೊರೆ, ನಿನ್ನೆ ಲೋಟ ತೊಳೀದೆ ಹೋಗಿದ್ದೀರಿ."

"ತಪ್ಪಾಯ್ತು ಅಜ್ಜಿ... ಬಿಕ್."

ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಅಯ್ಯೋ! ಇವತ್ತೇ ಬರ್ಬೇಕಾ ಇದು? ಬಗ್ಗಿ, ಬಗ್ಗಿ! ಲೋಟದ ಆಚೆ ಅಂಚಿಂದ ನೀರು ಕುಡೀಬೇಕು. ನಮ್ಮ ಯಜಮಾನ್ರಿಗೆ ಮೂರು ದಿನದ್ದು ಹೋಯ್ತು ಇದ್ರಲ್ಲಿ."

ದೊರೆ ಬಗ್ಗಿದ. ಆಚೆ ಅಂಚಿನಿಂದ ನೀರು ಬಾಯಿಗೆ ಹೋಗದೆ ಮೂಗಿಗೆ ಹೋಯಿತು. ಸೀನು ಬಂತು, ಕೆಮ್ಮು ಬಂತು, ಕಣ್ಣೀರು ಬಂತು. ಎಲ್ಲವೂ ಬಂದು ಹೋದ ಮೇಲೆ, ಕೊನೆಯ ನೆಂಟನ ಹಾಗೆ ನಿಧಾನವಾಗಿ, ಬಿಕ್ಕಳಿಕೆಯೂ ಬಂತು.

ಒಳಗೆ ಡೈರೆಕ್ಟರು ಗಡಿಯಾರ ನೋಡುತ್ತಾ ಶತಪಥ ಹಾಕುತ್ತಿದ್ದ. ಗಾಜಿನ ಆಚೆ ರೆಕಾರ್ಡಿಂಗಿನ ಹುಡುಗಾಟದ ಮನುಷ್ಯ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಿದ್ದ. ಐವತ್ತು ದಾಟಿದ್ದರೂ ಅವನಿಗೆ ಎಲ್ಲದಕ್ಕೂ ನಗು. ಮೈಕು ತೆರೆಯಿತು. ದೊರೆ ಉಸಿರೆಳೆದು ಗುಡುಗಿದ:

"ಆಕಾಶ ನನ್ನದು! ಗಾಳಿ ನನ್... ಬಿಕ್... ನದು!"

"ಕಟ್!" ಎಂದ ಡೈರೆಕ್ಟರು. "ಏನ್ರೀ ಅದು?"

"ಬಿಕ್ಕಳಿಕೆ ಸಾರ್."

"ಚಕ್ರವರ್ತಿಗೆ ಬಿಕ್ಕಳಿಕೆ ಬರುತ್ತೇನ್ರೀ? ನಿಲ್ಸಿ ಅದನ್ನ!"

ಮೂರು ವರ್ಷದಿಂದ ಗಾಳಿಗೇ ಅಪ್ಪಣೆ ಕೊಡುತ್ತಿದ್ದವನಿಗೆ ತನ್ನ ಎದೆಯೊಳಗಿನ ಒಂದು ಗುಟುಕು ಗಾಳಿಯನ್ನು ನಿಲ್ಲಿಸಲಾಗಲಿಲ್ಲ. ಎರಡನೆಯ ಟೇಕು ಹೋಯಿತು. ಐದನೆಯದು ಹೋಯಿತು. ಉಸಿರು ಕಟ್ಟಿ ಇಪ್ಪತ್ತು ಎಣಿಸಿದ, ಹತ್ತೊಂಬತ್ತಕ್ಕೆ ಬಂತು. ಡೈರೆಕ್ಟರು ಇದ್ದಕ್ಕಿದ್ದ ಹಾಗೆ ಬಾಗಿಲು ತೆರೆದು, "ನಿಮ್ಮನ್ನ ಕೆಲಸದಿಂದ ತೆಗೆದಿದ್ದೀನಿ!" ಎಂದು ಕಿರುಚಿದ.

ದೊರೆಯ ಮುಖ ಬಿಳುಚಿತು. "ಸಾರ್... ಇದು ಹೆದರ್ಸೋಕೆ... ಬಿಕ್... ಹೇಳಿದ್ದಾ? ನಿಜಾನಾ?"

"ಇನ್ನೂ ತೀರ್ಮಾನ ಮಾಡಿಲ್ಲ," ಎಂದು ಅವನು ಬಾಗಿಲು ಹಾಕಿಕೊಂಡ.

ಎಂಟನೆಯ ಟೇಕಿಗೆ ಮುಂಚೆ ರೆಕಾರ್ಡಿಂಗಿನವನು ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನಿಂದ ಬಂದು ಕಾಗದದ ಚೀಲ ಊದಿ ಕಿವಿಯ ಬಳಿ ಢಬ್ಬೆನ್ನಿಸಿದ. ದೊರೆ ಹಾರಿದ ರಭಸಕ್ಕೆ ಮೈಕಿನ ಕಂಬ ಬಿತ್ತು, ಕಂಬದ ಮೇಲೆ ಹಾಳೆಯ ಸ್ಟ್ಯಾಂಡು ಬಿತ್ತು, ಅದರ ಮೇಲೆ ಅವನೇ ಬಿದ್ದ. ಅದುವರೆಗೆ ನಿಮಿಷಕ್ಕೆ ಐದಿದ್ದ ಬಿಕ್ಕಳಿಕೆ ಎಂಟಾಯಿತು. "ಗುಣ ಕಾಣ್ತಿದೆ," ಎಂದು ನಕ್ಕು ರೆಕಾರ್ಡಿಂಗಿನವನು ತನ್ನ ಜಾಗಕ್ಕೆ ಹೋದ.

ಹದಿನಾಲ್ಕನೆಯ ಟೇಕನ್ನು ದೊರೆ ಅಳುಬುರುಕ ಧ್ವನಿಯಲ್ಲೇ ಮುಗಿಸಿದ. ಶುರುವಿನಿಂದ ಕೊನೆಯವರೆಗೆ ಒಂದೂವರೆ ನಿಮಿಷ, ಹನ್ನೊಂದು ಬಿಕ್ಕಳಿಕೆ. ಡೈರೆಕ್ಟರು ಕೈಚೆಲ್ಲಿ ಕೂತ. "ಊಟ ಮಾಡಿ ಒಂದು ಗಂಟೆ ಮಲಕ್ಕೊಳ್ರೀ. ಎದ್ಮೇಲೆ ನೋಡೋಣ."

ದೊರೆ ಕೋಣೆಯ ಮೂಲೆಯಲ್ಲೇ ಉರುಳಿಕೊಂಡ.

ಇಲ್ಲಿ ಆ ಸ್ಟುಡಿಯೋದ ಒಂದು ಪದ್ಧತಿ ಹೇಳಬೇಕು. ಕಾರ್ಟೂನಿನಲ್ಲಿ ಮೊದಲು ಧ್ವನಿ, ಆಮೇಲೆ ಬಾಯಿ. ಮೈಯೆಲ್ಲ ಬರೆದಿಟ್ಟಿರುತ್ತಾರೆ, ಬಾಯಿ, ಕಣ್ಣು, ಭುಜಗಳನ್ನು ಮಾತ್ರ ಧ್ವನಿ ಕೇಳಿಕೊಂಡು ಬರೆಯುವುದು. ಅದನ್ನು ಬರೆಯುವ ಗುಂಪಿನ ಹಿರಿಯಳನ್ನು ಎಲ್ಲರೂ 'ಬಾಯಕ್ಕ' ಎನ್ನುತ್ತಿದ್ದರು. ಒಳ್ಳೆಯ ಟೇಕು ಬಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದುದರಿಂದ, ಎಲ್ಲಕ್ಕಿಂತ ದೊಡ್ಡ ನಂಬರಿನದೇ ಪಾಸಾದ ಟೇಕು ಎಂಬುದು ಅಲ್ಲಿ ಕೇಳದೆಯೇ ನಡೆದುಬಂದ ಲೆಕ್ಕ. ಬಾಯಕ್ಕ ಕಂಪ್ಯೂಟರಿನಲ್ಲಿ ಹದಿನಾಲ್ಕು ಕಂಡಳು, ಹದಿನೈದು ಕಾಣಲಿಲ್ಲ. ಹದಿನಾಲ್ಕನ್ನು ಎತ್ತಿಕೊಂಡಳು.

ಅವಳಿಗೆ ಇನ್ನೊಂದು ಹಟವೂ ಇತ್ತು. ಹಿಂದೊಮ್ಮೆ ಮುದುಕ ಮಂತ್ರಿಯ ಒಂದು ಕೆಮ್ಮನ್ನು ಬರೆಯದೆ ಬಿಟ್ಟು ಎಲ್ಲರೆದುರು ಬೈಸಿಕೊಂಡಿದ್ದಳು. ಅಂದಿನಿಂದ ಕಿವಿಗೆ ಬಿದ್ದದ್ದೆಲ್ಲ ಪರದೆಯ ಮೇಲೆ ಬೀಳಲೇಬೇಕು.

"ಅಕ್ಕಾ, ಇದು ಬಿಕ್ಕಳಿಕೆ ಥರ ಇದೆಯಲ್ಲಾ?" ಎಂದು ಪಕ್ಕದವಳು ಕೇಳಿದಳು.

"ಥರ ಗಿರ ಎಲ್ಲಾ ನಮಗ್ಯಾಕೆ? ಇದೆ ತಾನೇ? ಬರಿ."

ಬರೆದರು. ಹನ್ನೊಂದು ಸಲ ಬಿರುಗಣ್ಣನ ಎದೆ ಎಗರಿತು, ಹನ್ನೊಂದು ಸಲ ಕಣ್ಣು ಮುಚ್ಚಿತು. ಭುಜ ಕುಪ್ಪಳಿಸಿದರೆ ಕಿರೀಟ ಸುಮ್ಮನಿರುತ್ತದೆಯೇ? ಒಂದೊಂದಕ್ಕೂ ಒಂದು ಬೆರಳಿನಷ್ಟು ಮುಂದಕ್ಕೆ ಜಾರಿಸಿದರು.

ಮೂರೂವರೆಗೆ ದೊರೆ ಎದ್ದ. ಎಲ್ಲರೂ ಉಸಿರು ಬಿಗಿಹಿಡಿದು ಅವನ ಎದೆಯನ್ನೇ ನೋಡಿದರು. ಐದು ಕ್ಷಣ. ಹತ್ತು ಕ್ಷಣ. ಅಜ್ಜಿ ಕೈಮುಗಿದರು.

"ಬಿಕ್."

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದು. ಮೇಡಂ ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ಡೈರೆಕ್ಟರು ತಡವರಿಸಿದ: "ಮೇಡಂ, ಸ್ವಲ್ಪ ಕೆಲಸ ಬಾಕಿ..."

"ಏನೂ ಬಾಕಿ ಇಲ್ಲ ಸಾರ್, ಎಲ್ಲಾ ರೆಡಿ!" ಎಂದು ಬಾಯಕ್ಕ ಹೆಮ್ಮೆಯಿಂದ ಮುಂದೆ ಬಂದಳು.

"ಏನು ರೆಡಿ?"

"ಸಾವು!"

ದೀಪ ಆರಿತು. ಡೈರೆಕ್ಟರಿಗೆ ತಡೆಯಲು ಹೊತ್ತೇ ಸಿಗಲಿಲ್ಲ. ದೊರೆ ಬಾಯಿಗೆ ಕರವಸ್ತ್ರ ತುರುಕಿಕೊಂಡು ಬಾಗಿಲ ಮರೆಗೆ ಸರಿದ.

ಪರದೆಯ ಮೇಲೆ ಕೋಟೆ ವಾಲಿತ್ತು. ಅಂಚಿನಲ್ಲಿ ಬಿರುಗಣ್ಣ ಒಬ್ಬನೇ. "ಆಕಾಶ ನನ್ನದು!" ಎಂದ, ಎದೆ ಎಗರಿತು, ಕಿರೀಟ ಜಾರಿತು. "ಗಾಳಿ ನನ್ನದು!" ಎಂದ, ಕಣ್ಣು ಬಿಗಿಯಾಗಿ ಮುಚ್ಚಿತು. ಸುತ್ತ ಹಕ್ಕಿಗಳು ಸಾಲು ಮುರಿದು ಹಾರುತ್ತಿದ್ದವು. "ನಾನು ಯಾರಿಗೂ ಬಗ್ಗೋನಲ್ಲ!" ಎನ್ನುವಷ್ಟರಲ್ಲಿ ಹನ್ನೊಂದನೆಯದು ಬಂತು, ಕಿರೀಟ ಕಳಚಿ ಪಾತಾಳಕ್ಕೆ ಬಿತ್ತು. ಬರಿತಲೆಯ ಚಕ್ರವರ್ತಿ ಅದು ಹೋದ ಕಡೆಗೆ ಸುಮ್ಮನೆ ನೋಡುತ್ತಾ ನಿಂತ.

ದೀಪ ಹತ್ತಿತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದನ್ನ ಯಾರು ಯೋಚನೆ ಮಾಡಿದ್ದು?"

ಡೈರೆಕ್ಟರು ಬಾಯಕ್ಕನ ಕಡೆ ಬೆರಳೆತ್ತಿದ್ದವನು, ಮೇಡಂ ಮುಖ ನೋಡಿ ಆ ಬೆರಳನ್ನು ತನ್ನ ಎದೆಯ ಕಡೆಗೇ ತಿರುಗಿಸಿಕೊಂಡ. "ನಾನೇ ಮೇಡಂ. ಮೂರು ವರ್ಷದಿಂದ ತಲೇಲಿ ಇತ್ತು."

"ಬಾಯಿ ಇನ್ನೂ ಹಟ ಮಾಡ್ತಿದೆ, ಎದೆ ಆಗಲೇ ತಪ್ಪು ಒಪ್ಕೊಂಡಿದೆ! ಎಂಥಾ ಅಳು ಅದು, ಒಳಗೇ ನುಂಗೋ ಅಳು! ಇವನನ್ನ ಸಾಯಿಸ್ಬೇಡಿ. ಬೀಳೋವಾಗ ಅದೇ ಹಕ್ಕಿಗಳು ಕೆಳಗಿಂದ ಬಂದು ಹಿಡೀಲಿ. ಆಮೇಲೆ ಇವನು ಒಂದೊಂದೇ ಕಡ್ಡಿ ತಂದು ಅವಕ್ಕೆ ಗೂಡು ಕಟ್ಟಿಕೊಡ್ಲಿ. ಬೆಳಿಗ್ಗೆ ಮತ್ತೆ ಗಂಟೆ ಹೊಡೀಲಿ. ಇನ್ನೂ ಐವತ್ತೆರಡು ಕಂತು ಮಾಡೋಣ! ಎಲ್ಲಿ, ಆ ಧ್ವನಿ ಕೊಟ್ಟೋರು?"

ಅಜ್ಜಿ ದೊರೆಯನ್ನು ಬಾಗಿಲ ಮರೆಯಿಂದ ಎಳೆದು ನಿಲ್ಲಿಸಿದರು. ಅವನು ಕರವಸ್ತ್ರ ಉಗುಳಿದ. ಕಿವಿಯಲ್ಲಿ ಐವತ್ತೆರಡು, ಐವತ್ತೆರಡು ಎಂದು ಗಂಟೆ ಹೊಡೆಯುತ್ತಿತ್ತು. ಕಾಲಡಿಯ ನೆಲ ಮೋಡದಂತೆ ಮೆತ್ತಗಾಗಿತ್ತು. ರೆಕಾರ್ಡಿಂಗಿನವನು ಗಾಜಿನ ಆಚೆಯಿಂದ ಎರಡು ಹೆಬ್ಬೆರಳೆತ್ತಿ ಕುಣಿದ. ಬಾಯಕ್ಕ ಪಕ್ಕದವಳನ್ನು ತಬ್ಬಿಕೊಂಡಳು.

"ಐವತ್ತೆರಡಕ್ಕೂ ನೀವೇ," ಎಂದರು ಮೇಡಂ. "ನನಗೆ ಬೇಕಾಗಿರೋದು ಆ ಎದೆ ಮಾತ್ರ. ಒಂದೇ ಒಂದು ಮಾತು ಈಗ ನನ್ನೆದುರು ಹೇಳಿ. 'ಹಕ್ಕಿಗಳೇ, ನನ್ನನ್ನು ಕ್ಷಮಿಸಿ.' ಕಾಂಟ್ರ್ಯಾಕ್ಟು ಇವತ್ತೇ ಬರೆಸ್ತೀನಿ."

ದೊರೆ ಮೈಕಿನ ಮುಂದೆ ನಿಂತ. ಜೀವನದಲ್ಲಿ ಮೊದಲ ಬಾರಿಗೆ ತನ್ನ ಬಿಕ್ಕಳಿಕೆಗಾಗಿ ಪ್ರೀತಿಯಿಂದ ಕಾದ.

"ಹಕ್ಕಿಗಳೇ..."

ಬರಲಿಲ್ಲ.

"...ನನ್ನನ್ನು..."

ಇಲ್ಲ. ಸಂತೋಷದ ಏಟಿಗೆ ಅದು ಹೋಗಿಯೇಬಿಟ್ಟಿತ್ತು. ಎದೆ ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸರಾಗವಾಗಿ ಉಸಿರಾಡುತ್ತಿತ್ತು. "ಕ್ಷಮಿಸಿ" ಎಂಬ ಮಾತು ಬಸ್ಸಿನಲ್ಲಿ ಜಾಗ ಕೇಳಿದಂತೆ ಬಂತು.

ಮೇಡಂ ಹುಬ್ಬು ಗಂಟಿಕ್ಕಿದರು. "ಇದಲ್ಲ."

"ಒಂದು ನಿಮಿಷ ಮೇಡಂ!" ಎಂದು ಡೈರೆಕ್ಟರು ಓಡಿಬಂದು ದೊರೆಯ ಕಿವಿಯಲ್ಲಿ ಹಲ್ಲು ಕಡಿದ. "ತರಿಸ್ರೀ ಅದನ್ನ!"

"ಬೆಳಿಗ್ಗೆಯಿಂದ ನಿಲ್ಸಿ ನಿಲ್ಸಿ ಅಂದ್ರಲ್ಲ ಸಾರ್!"

"ಅದು ಬೆಳಿಗ್ಗೆ!"

ಅಜ್ಜಿ ತಣ್ಣೀರು ತಂದು ಗಟಗಟ ಕುಡಿಸಿದರು; ಹೊಟ್ಟೆ ಉಬ್ಬಿತು, ಬಿಕ್ಕಳಿಕೆ ಇಲ್ಲ. ಬಾಯಕ್ಕ ಖಾರದ ಮೆಣಸಿನಕಾಯಿ ಕೊಟ್ಟಳು; ಕಿವಿಯಿಂದ ಹೊಗೆ ಬಂದಂತಾಯಿತು, ಬಿಕ್ಕಳಿಕೆ ಇಲ್ಲ. ಕೊನೆಗೆ ದೊರೆ ತಾನೇ ಒಂದು ಮಾಡಿ ನೋಡಿದ. "ಹಕ್ಕಿಗಳೇ, ಹಿಕ್ಕ್, ನನ್ನನ್ನು, ಹಿಕ್ಕ್..." ಬಾವಿಗೆ ಬಿದ್ದ ಕಪ್ಪೆ ಮೇಲಿರುವವರ ಗಮನ ಸೆಳೆಯುವ ಹಾಗಿತ್ತು ಅದು. ಗಾಜಿನ ಆಚೆ ರೆಕಾರ್ಡಿಂಗಿನವನು ತಟ್ಟನೆ ಮೇಜಿನ ಕೆಳಗೆ ಬಗ್ಗಿದ; ಅವನ ಬೆನ್ನು ಮಾತ್ರ ನಗುವಿನಿಂದ ಕುಲುಕುವುದು ಕಾಣುತ್ತಿತ್ತು.

"ಇದು ನಟನೆ," ಎಂದರು ಮೇಡಂ. "ನಟನೆ ಮಾಡೋರು ಊರ ತುಂಬಾ ಇದ್ದಾರೆ."

"ನಾಳೆ ಬರುತ್ತೆ ಮೇಡಂ, ಖಂಡಿತ ಬರುತ್ತೆ!" ದೊರೆ ಕೈಮುಗಿದ. "ಒಂದು ದಿನ ಟೈಮ್ ಕೊಡಿ."

"ಪಶ್ಚಾತ್ತಾಪ ಅನ್ನೋದು ಹೇಳಿ ಕಳಿಸಿದ್ರೆ ಬರೋದಲ್ಲ ಕಣ್ರೀ," ಎಂದು ಮೇಡಂ ಬ್ಯಾಗು ಎತ್ತಿಕೊಂಡರು.

"ಬಿಕ್!"

ದೊರೆಯ ಮುಖ ಅರಳಿತು. ಎರಡೂ ಕೈ ಎದೆಯ ಮೇಲೆ ಹೋದವು. ಎದೆ ಅಲುಗಾಡಿರಲಿಲ್ಲ. ಎರಡನೆಯ ಸಲ ಅದು ಇನ್ನೂ ಆಳವಾಗಿ, ಇನ್ನೂ ದುಃಖ ತುಂಬಿ ಕೇಳಿಸಿತು, ಗಾಜಿನ ಆಚೆಯ ಮಾತನ್ನು ಈಚೆಗೆ ಕೇಳಿಸುವ ಸ್ಪೀಕರಿನಿಂದ. ಗಾಜಿನ ಆಚೆ, ನಗುವನ್ನು ತಡೆದೂ ತಡೆದೂ ಕೆಂಪಗಾದ ರೆಕಾರ್ಡಿಂಗಿನವನು ಮೇಜಿನ ಕೆಳಗಿನಿಂದ ನಿಧಾನವಾಗಿ ಏಳುತ್ತಿದ್ದ. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದ, ಭುಜಗಳು ಕುಪ್ಪಳಿಸುತ್ತಿದ್ದವು.

ಮೇಡಂ ಎತ್ತಿಕೊಂಡಿದ್ದ ಬ್ಯಾಗನ್ನು ಮತ್ತೆ ಮೇಜಿನ ಮೇಲಿಟ್ಟು, ಕುರ್ಚಿಯನ್ನು ಗಾಜಿನ ಕಡೆಗೆ ತಿರುಗಿಸಿಕೊಂಡು ಕೂತರು.