ಮೂಗಿಲ್ಲದ ವೀರ

ಭಾವ: (ಪರದೆ ಓದುತ್ತಾ) ‘ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಅಷ್ಟಕ್ಕಷ್ಟೆ, ದಯವಿಟ್ಟು ಕ್ಷಮಿಸಿ.’ ಇದೇನೇ ಪುಟ್ಟಿ, ಆಟ ಶುರುವಾಗೋಕೆ ಮುಂಚೇನೇ ಕ್ಷಮಾಪಣೆ?

ಪುಟ್ಟಿ: ಬೈಸ್ಕೊಂಡ ಮೇಲೆ ಕೇಳೋದಕ್ಕಿಂತ ಮೊದಲೇ ಕೇಳಿಬಿಟ್ರೆ ಒಳ್ಳೇದಲ್ವಾ ಭಾವ.

ಭಾವ: ಅಕ್ಷರ ಹಾಳಾಗಲಿ. ಈ ವೀರನಿಗೆ ಮೂಗೆಲ್ಲಿ?

ಪುಟ್ಟಿ: ಇಡೀ ಮುಖಕ್ಕೆ ಇರೋದೇ ಐದು ಸಾಲು ಚೌಕ. ಕಣ್ಣು, ಬಾಯಿ ಇಟ್ಟ ಮೇಲೆ ಜಾಗ ಉಳೀಲಿಲ್ಲ.

ಹೇಳುತ್ತಲೇ ಅವಳ ಮೂಗು ಕೆಂಪಾಯಿತು. ಶಾಲೆ ಬಿಟ್ಟ ಮೇಲೆ ಎಂಟು ತಿಂಗಳು ಕೂತು, ಒಂದೊಂದೇ ಬಣ್ಣದ ಚೌಕ ಜೋಡಿಸಿ, ಹಳೇ ಕಾಲದ ವಿಡಿಯೊ ಗೇಮ್‌ಗಳ ಹಾಗೆ ಮಾಡಿದ ಆಟ ಅದು. ಇವತ್ತು ಅಪ್ಪ ಒಪ್ಪದಿದ್ದರೆ ಸೋಮವಾರದಿಂದ ಹೊಲಿಗೆ ತರಗತಿ. ಮೊಬೈಲ್ ಅಂಗಡಿಯ ಭಾವ ಸಲಹೆ ಕೊಡಲೆಂದೇ ಬಂದಿದ್ದರು. ಟೈಲ್ಸ್ ಹಾಕುವ ಅಪ್ಪ ಮೊಣಕೈಯ ಸಿಮೆಂಟನ್ನೂ ತೊಳೆಯದೆ ಪರದೆಗೆ ಕಣ್ಣು ನೆಟ್ಟಿದ್ದ.

ಅಪ್ಪ: ಜಾಗ ಸಾಲದಿದ್ರೆ ಅರ್ಧ ಕಟ್ ಮಾಡಿ ಕೂರಿಸಮ್ಮ. ನಾವು ಗೋಡೆ ಮೂಲೇಲಿ ಹಾಗೇ ತಾನೆ ಮಾಡೋದು?

ಪುಟ್ಟಿ: ಈ ಚೌಕ ಕಟ್ ಆಗಲ್ಲ ಅಪ್ಪ.

ಅಪ್ಪ: ನನ್ನ ಮಷೀನ್ ತಂದುಕೊಡ್ಲಾ?

ಭಾವ: ಅಯ್ಯೋ ಮಾವ! ಈಗಿನ ಆಟ ನೋಡಿ ಇಲ್ಲಿ. ಬೆವರಿನ ಹನಿ ಕೂಡ ಎಣಿಸಬಹುದು.

ಭಾವನ ಫೋನಿನಲ್ಲಿ ರಾಜನೊಬ್ಬ ಅರಮನೆಯೊಳಗೆ ನಡೆದು ಬರುತ್ತಿದ್ದ. ಅಪ್ಪ ರಾಜನನ್ನು ಬಿಟ್ಟು ನೆಲ ನೋಡಿದ.

ಅಪ್ಪ: ಅಳಿಯಂದ್ರೆ, ಕಂಬದ ಬುಡದಲ್ಲಿ ಗೆರೆ ಕೂಡಿಲ್ಲ. ನಾನು ಹೀಗೆ ಟೈಲ್ಸ್ ಹಾಕಿದ್ರೆ ಕಿತ್ತು ಮತ್ತೆ ಹಾಕಿಸ್ತಿದ್ರು.

ಭಾವ: ನೆಲ ಯಾರು ನೋಡ್ತಾರೆ ಮಾವ? ಮುಖ ನೋಡಿ!

ಅಪ್ಪ: ಯಾರ ಮುಖ ಇದು?

ಭಾವ: ಯಾರದೂ ಅಲ್ಲ. ಒಬ್ಬ ರಾಜ, ಅಷ್ಟೆ.

ಅಪ್ಪ: ಇಷ್ಟೆಲ್ಲ ಬೆವರು ಸುರಿಸಿಯೂ ಯಾರೂ ಅಲ್ವಾ, ಪಾಪ!

ಭಾವನ ಬಾಯಿ ಒಂದು ಕಡೆಗೆ ಜೋತುಬಿತ್ತು. ಅಪ್ಪ ಆ ಬಾಯಿಯನ್ನೊಮ್ಮೆ, ಪುಟ್ಟಿಯ ಪರದೆಯ ವೀರನನ್ನೊಮ್ಮೆ ಅಳೆದು ನೋಡಿದ.

ಅಪ್ಪ: ಪುಟ್ಟಿ, ಬಾಯಿಯ ಬಲಗಡೆ ಚೌಕ ಒಂದು ಸಾಲು ಕೆಳಗಿಳಿಸು.

ಪುಟ್ಟಿ ಇಳಿಸಿದಳು. ಅಷ್ಟರಲ್ಲಿ ಒಳಗಿಂದ ಬಂದ ಅಕ್ಕ ನೇರವಾಗಿ ಪರದೆಯನ್ನೇ ಕೇಳಿದಳು:

ಅಕ್ಕ: ಯಾಕ್ರೀ, ಮತ್ತೆ ಮುಖ ಊದಿಸ್ಕೊಂಡಿದ್ದೀರಿ?

ಭಾವ: ನಾನು ಇಲ್ಲಿದ್ದೀನಿ ಕಣೇ! ನನಗೆ ಮೂಗಿದೆ!

ಅಪ್ಪ: ಮೂಗಿಲ್ಲದಿದ್ರೂ ಹೆಂಡ್ತಿಗೆ ಗುರುತು ಸಿಕ್ತಲ್ಲ, ಇನ್ನೇನು ಬೇಕು? ಪುಟ್ಟಿ, ಹೊಲಿಗೆಗೆ ಹೋಗ್ಬೇಡ. ಆ ಕ್ಷಮಾಪಣೆಯನ್ನೂ ತೆಗೆದುಹಾಕು.

ಪುಟ್ಟಿ: ಅದು ಇರಲಿ ಅಪ್ಪ, ಈಗ ಭಾವನಿಗೆ ಸಲ್ಲುತ್ತೆ. ಸೋಮವಾರ ಅವರಿಗೊಂದು ಕುದುರೆ ಮಾಡ್ತೀನಿ.