ನಲವತ್ತೆರಡನೆಯ ಸಹಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಮನೆಯೊಳಗಿನ ಸಂಗತಿಯನ್ನು ಬೀದಿಗೆ ತರುವುದು ಸರಿಯೋ ತಪ್ಪೋ ತಿಳಿಯದೆ ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದ್ದೇನೆ. ಎಲ್ಲಾದರೂ ಆ ಮನುಷ್ಯನನ್ನು ನೋಡಿ ನಕ್ಕಂತೆ ಕಂಡರೆ ತಪ್ಪು ನನ್ನದು, ಅವನದಲ್ಲ.

ಎಲ್ಲಕ್ಕೂ ಮೂಲ ಪುಸ್ತಕದಂಗಡಿಯ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ. ‘ಭಾನುವಾರ ಬೆಳಗ್ಗೆ ಹತ್ತಕ್ಕೆ ಒಂಟೆ ಅಜ್ಜ ಬರುತ್ತಾರೆ. ಸಹಿ ಮಕ್ಕಳಿಗೆ ಮಾತ್ರ. ಮಗುವಿಲ್ಲದೆ ಬಂದವರಿಗೆ ಇಲ್ಲ.’

ಒಂಟೆ ಅಜ್ಜ ಎಂದರೆ ಮರಳಿಗೆ ಹೆದರುವ ಒಂಟೆಯ ಕತೆಗಳಿಂದ ನಲವತ್ತು ವರ್ಷ ಮಕ್ಕಳನ್ನು ನಗಿಸಿದ ಮುದುಕರು. ಚೀಟಿ ಓದಿ ಪೆಚ್ಚಾದವನು ಎದುರಿನ ಕನ್ನಡಕದಂಗಡಿಯ ಹಿಂಬದಿಯಲ್ಲಿ ಕೂತು ಗಾಜು ಉಜ್ಜುವವನು. ವಯಸ್ಸು ನಲವತ್ತೇಳು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಒಂದು ಬೆಕ್ಕಿತ್ತು, ಅದೂ ಕೆಳಮನೆಗೆ ಸಂಸಾರ ಬದಲಾಯಿಸಿತು. ಅವನ ಒಂದೂವರೆ ಕೋಣೆಯ ಮನೆಯಲ್ಲಿ ಬಟ್ಟೆಗೆ ಮೊಳೆ, ಪುಸ್ತಕಕ್ಕೆ ಬೀರು. ಬೀರುವಿನಲ್ಲಿ ಒಂಟೆ ಅಜ್ಜನ ಪುಸ್ತಕಗಳ ನಲವತ್ತೊಂದು ಪ್ರತಿ. ನಲವತ್ತೊಂದರಲ್ಲೂ ಮುತ್ತು ಪೋಣಿಸಿದಂಥ ಅಕ್ಷರದ ಸಹಿ. ಜೊತೆಗೆ ಒಂದು ಹಳೆಯ ಆಹ್ವಾನ ಪತ್ರಿಕೆ, ಅಜ್ಜನೇ ಕಚ್ಚಿದ್ದೆಂದು ಯಾರೋ ಆಣೆ ಮಾಡಿ ಕೊಟ್ಟಿದ್ದ ಪೆನ್ಸಿಲ್ ತುಂಡು.

ಎಲ್ಲವೂ ಹಳೆ ಪುಸ್ತಕಗಳ ರಾಶಿಯಿಂದ ಆರಿಸಿ ತಂದವು. ಹಾಗಾಗಿ ಸಹಿಯ ಮೇಲಿನ ಹೆಸರುಗಳೆಲ್ಲ ಪರರವು. ‘ಮುದ್ದು ಪುಟ್ಟನಿಗೆ’, ‘ಹಲ್ಲು ಬಿದ್ದ ಚಿನ್ನಿಗೆ’, ‘ಅಳುವುದಿಲ್ಲ ಎಂದು ಮಾತು ಕೊಟ್ಟ ಗುಂಡನಿಗೆ’. ಊಟಕ್ಕೆ ಕೂತಾಗ ಒಂದನ್ನು ತೆರೆದು ಎದುರಿಗಿಟ್ಟುಕೊಳ್ಳುತ್ತಿದ್ದ. ಯಾರೋ ಮನೆಗೆ ಬಂದಂತಾಗುತ್ತಿತ್ತು. ಆದರೆ ಪಕ್ಕದ ಮನೆಯ ವಿಳಾಸ ಕೇಳಲು ಬಂದವರಂತೆ. ಒಂದೇ ಒಂದರಲ್ಲಿ ತನ್ನ ಹೆಸರಿದ್ದರೆ ಸಾಕಿತ್ತು. ಅಜ್ಜನಿಗೆ ಎಂಬತ್ತೆಂಟು, ಇದೇ ಕೊನೆಯ ಸಲವೆಂದು ಪುಸ್ತಕದಂಗಡಿಯವನು ಹೇಳಿದ್ದ.

ಭಾನುವಾರ ಎಂಟು ಗಂಟೆಗೆ ಕೆಳಮನೆಯ ಬಾಗಿಲು ತಟ್ಟಿದ.

“ಅಕ್ಕಾ, ಒಂದು ಸಹಾಯ ಆಗ್ಬೇಕಿತ್ತು.”

“ಸಕ್ಕರೆನಾ?”

“ಅಲ್ಲ. ನಿಮ್ಮ ಮಗಳು. ಎರಡು ಗಂಟೆ ಹೊತ್ತಿಗೆ.”

ಕೆಳಮನೆಯಾಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹೆಣ್ಣು ನೋಡೋಕೆ ಹೊರಟ್ರಾ? ಜೊತೇಲಿ ಮಗು ಇದ್ರೆ ಒಳ್ಳೇ ಮನುಷ್ಯ ಅಂದ್ಕೋತಾರೆ ಅಂತ?”

“ಅಯ್ಯೋ ಇಲ್ಲಕ್ಕಾ, ಪುಸ್ತಕಕ್ಕೆ ಸಹಿ ಹಾಕಿಸೋಕೆ. ಮಗು ಇಲ್ದಿದ್ರೆ ಹಾಕಲ್ವಂತೆ.”

“ಅದೇ ಅನ್ಕೊಂಡೆ. ಹೆಣ್ಣಾಗಿದ್ರೆ ಶರ್ಟಿಗೆ ಇಸ್ತ್ರಿ ಬಿದ್ದಿರ್ತಿತ್ತು.”

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಹೊರಬಂದರು. “ಮಗು ನಿಮ್ಮನ್ನ ಅಪ್ಪ ಅನ್ಬೇಕು. ಇಲ್ಲಾಂದ್ರೆ ಸಿಕ್ಕಿಬೀಳ್ತೀರಿ. ಎಲ್ಲಿ ಮರಿ, ಹೇಳು, ಅಪ್ಪ.”

ಆ ಮಗುವಿಗೆ ಏಳು ವರ್ಷ. ಬಾಯಿಗೆ ಬಿಡುವಿಲ್ಲದ್ದರಿಂದ ಎಲ್ಲರೂ ಪಟಪಟಿ ಎನ್ನುತ್ತಿದ್ದರು. “ನಮ್ಮಪ್ಪ ಒಳಗೆ ಹಲ್ಲುಜ್ತಿದಾರೆ.”

“ಸುಮ್ನೆ ಅನ್ನೋದು ಪುಟ್ಟಾ,” ಎಂದರು ಮೇಷ್ಟ್ರು.

“ಎರಡು ಐಸ್‌ಕ್ರೀಮು.”

“ಒಂದು,” ಎಂದ ಅವನು.

“ಒಂದಾದ್ರೆ ಮಾಮ ಅಂತೀನಿ.”

ಎರಡಕ್ಕೆ ಇತ್ಯರ್ಥವಾಯಿತು.

ಅಂಗಡಿಯ ಮುಂದೆ ಸಾಲು ರೈಲಿನಷ್ಟುದ್ದ ಇತ್ತು. ಅಜ್ಜನಿಗೆ ಗದ್ದಲ ಆಗದೆಂದು ಒಳಕೋಣೆಯಲ್ಲಿ ಕೂರಿಸಿದ್ದರು. ಅಂಗಡಿಯವನು ಪುಸ್ತಕವನ್ನೂ ಹೆಸರಿನ ಚೀಟಿಯನ್ನೂ ಒಳಗೆ ಒಯ್ದು, ಸಹಿಯಾದ ಮೇಲೆ ತಂದು ಕೊಡುತ್ತಿದ್ದ. ಮಕ್ಕಳು ದೂರದಿಂದ ಕೈ ಬೀಸಿದರೆ ಅರ್ಧ ತೆರೆದ ಬಾಗಿಲಲ್ಲಿ ಅಜ್ಜನ ಮುಖವೂ ಬೀಸುವ ಕೈಯೂ ಕಾಣುತ್ತಿದ್ದವು.

ಹಿಂದೆ ನಿಂತಿದ್ದ ಹೆಂಗಸು ಪಟಪಟಿಯ ಕೆನ್ನೆ ಹಿಂಡಿದಳು. “ಅಪ್ಪನ ಜೊತೆ ಬಂದ್ಯಾ ಕಂದಾ?”

“ಎರಡು ಐಸ್‌ಕ್ರೀಮ್ ಕೊಡಿಸೋ ತನಕ ಅಪ್ಪ. ಆಮೇಲೆ ಗೊತ್ತಿಲ್ಲ.”

“ಅಂದ್ರೆ? ನಿಜವಾದ ಅಪ್ಪ ಎಲ್ಲಮ್ಮಾ?”

“ಮನೇಲಿ. ಇವರು ಬೆಳಗ್ಗೆ ನನ್ನ ತಂದ್ರು. ಮಧ್ಯಾಹ್ನ ವಾಪಸ್ ಕೊಡ್ತಾರಂತೆ.”

ಸಾಲು ಅರೆಗಳಿಗೆಯಲ್ಲಿ ವೃತ್ತವಾಯಿತು. ನಡುವೆ ಇವನು. ಯಾರೋ ಹಿರಿಯರು ಕೊಡೆ ಎತ್ತಿದರು. ಇವನ ಮಾತು ಹೊಸ ಚಪ್ಪಲಿ ಕಚ್ಚಿದವನಂತೆ ಕುಂಟತೊಡಗಿತು. “ನಾನು... ಅದು... ನಂದೊಂದು ಸಂಗ್ರಹ ಇದೆ...”

“ಮಕ್ಕಳ್ನ ಸಂಗ್ರಹ ಮಾಡ್ತೀಯೇನೋ?”

ಅಂಗಡಿಯವನು ಓಡಿಬಂದು, ಪಟಪಟಿಗೆ ಬಾಯಿಪಾಠವಾಗಿದ್ದ ನಂಬರಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಕೆಳಮನೆಯಾಕೆಯ ದನಿ ಬೀದಿ ತುಂಬಿತು.

“ಹೌದ್ರೀ, ನಮ್ಮ ಮೇಲ್ಮನೆಯವರೇ. ಬಿಟ್ಬಿಡಿ, ಪಾಪ. ಇರುವೆಗೂ ದಾರಿ ಬಿಟ್ಟು ನಡೆಯೋ ಪ್ರಾಣಿ. ಅವರಿಗೆ ಯಾರೂ ಇಲ್ಲ ರೀ. ಆ ಮಕ್ಕಳ ಪುಸ್ತಕ ಹರಡ್ಕೊಂಡು, ಅದರಲ್ಲಿರೋ ಹೆಸರು ಹಿಡಿದು, ಊಟ ಆಯ್ತಾ ಅಂತ ಕೇಳ್ತಿರ್ತಾರೆ. ನಮಗೆ ಕೆಳಗೆ ಕೇಳಿಸುತ್ತೆ. ಕೇಳಿಸಿಲ್ಲ ಅನ್ನೋ ಹಾಗೆ ಇರ್ತೀವಿ.”

ಕೊಡೆ ಕೆಳಗಿಳಿಯಿತು. ಎರಡೇಟು ಬಿದ್ದಿದ್ದರೇ ವಾಸಿಯಿತ್ತೆಂದು ಅವನಿಗನ್ನಿಸಿತು. ಕೆನ್ನೆ ಹಿಂಡಿದ ಹೆಂಗಸು ಅವನ ಮುಖ ನೋಡಲಾಗದೆ, “ಬಾ ಕಂದಾ, ನಾನೇ ಐಸ್‌ಕ್ರೀಮ್ ಕೊಡಿಸ್ತೀನಿ,” ಎಂದು ಪಟಪಟಿಯನ್ನು ಪಕ್ಕದಂಗಡಿಗೆ ಕರೆದೊಯ್ದಳು. ಗಲಾಟೆ ಕೇಳಿಸಿಕೊಂಡ ಅಜ್ಜ, “ಆತನ್ನ ಒಳಗೆ ಕಳಿಸಪ್ಪಾ,” ಎಂದರು.

ಒಳಗೆ ಅಜ್ಜ ಕಿತ್ತಳೆ ತೊಳೆ ಬಿಡಿಸುತ್ತ ಕೂತಿದ್ದರು. ಬಾಗಿಲ ಮರೆಯ ಮೇಜಿನಲ್ಲಿ ಅವರ ಹೆಂಡತಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಸರಸರನೆ ಸಹಿ ಹಾಕುತ್ತಿದ್ದರು. ಮುತ್ತು ಪೋಣಿಸಿದಂಥ ಅಕ್ಷರ.

ಅವನಿಗೆ ಬೀರುವೇ ಮೈಮೇಲೆ ಬಿದ್ದಂತಾಯಿತು. “ಎಲ್ಲವೂ... ನೀವೇನಾ ಅಮ್ಮಾ?”

“ನಲವತ್ತು ವರ್ಷದಿಂದ. ಇವರ ಅಕ್ಷರ ನೋಡಿ ಮೊದಲನೇ ಮಗುನೇ ಅತ್ತುಬಿಡ್ತು.”

“ಹೊರಗೆ ಯಾರಿಗೂ ಹೇಳ್ಬೇಡಪ್ಪಾ,” ಎಂದರು ಅಜ್ಜ. “ಮಕ್ಕಳು ನೊಂದ್ಕೋತಾರೆ. ಮಾತು ಕೊಡು.”

ಕೊಟ್ಟ. ಏನಾದರೂ ಆಡಬೇಕಲ್ಲ ಎಂದು, ಚಿಕ್ಕಂದಿನಿಂದ ಕೇಳಬೇಕೆಂದಿದ್ದನ್ನು ಕೇಳಿದ. “ಒಂಟೆಗೆ ಮರಳಂದ್ರೆ ಯಾಕೆ ಭಯ ಅಜ್ಜಾ?”

ಅಜ್ಜ ಹೆಂಡತಿಯ ಮುಖ ನೋಡಿದರು.

“ಮರಳಲ್ಲಿ ನಡೆದ್ರೆ ಸದ್ದಾಗಲ್ಲ,” ಎಂದರು ಆಕೆ, ತಲೆ ಎತ್ತದೆ. “ತಾನಿದ್ದೀನಿ ಅನ್ನೋದೇ ಅದಕ್ಕೆ ಕೇಳಿಸಲ್ಲ.”

“ಕೊಡು, ನಿನಗೆ ನಾನೇ ಹಾಕ್ತೀನಿ,” ಎಂದರು ಅಜ್ಜ. “ಹೆಸರು ಹೇಳು.”

“ಬೇಡ ಅಂದ್ರೆ. ಹೊಸ ಪುಸ್ತಕ ಹಾಳಾಗುತ್ತೆ,” ಎಂದರು ಆಕೆ.

ಅಜ್ಜ ನಾಲಿಗೆ ಹೊರಚಾಚಿ, ಮೇಜಿಗೆ ಎದೆಯಾನಿಸಿ ಬರೆದರು. ಮಸಿಯಲ್ಲಿ ಬಿದ್ದ ಜೇಡ ಮನೆ ಹುಡುಕಿಕೊಂಡು ಹೋದಂತಿತ್ತು. ಆದರೆ ಅದರಲ್ಲಿ ಅವನ ಹೆಸರಿತ್ತು. ಹೆಸರಿಗೆ ಮೊದಲು ‘ಮುದ್ದು’ ಎಂದೂ ಇತ್ತು.

ಪುಸ್ತಕವನ್ನು ಎದೆಗವಚಿಕೊಂಡು, ಪಟಪಟಿಯ ಕೈ ಹಿಡಿದು ಮನೆಗೆ ಬಂದ. ಮೆಟ್ಟಿಲ ಬುಡದಲ್ಲಿ ಕೆಳಮನೆಯಾಕೆಯೂ ಮೇಷ್ಟ್ರೂ ಕಾಯುತ್ತಿದ್ದರು.

“ಎಲ್ಲಿ, ತೋರಿಸಿ ನೋಡೋಣ,” ಎಂದಳು ಆಕೆ. ಅವನ ಪುಸ್ತಕವನ್ನು ಈವರೆಗೆ ಯಾರೂ ಕೇಳಿ ನೋಡಿರಲಿಲ್ಲ. ಸಹಿಯ ಪುಟ ತೆರೆದು ಕೊಟ್ಟ.

ಪಟಪಟಿ ಇಣುಕಿದಳು. “ಅಮ್ಮಾ, ಸಾಲಲ್ಲಿ ಎಲ್ಲರದ್ದೂ ನೋಡ್ದೆ. ದುಂಡಗೆ ಎಷ್ಟು ಚೆನ್ನಾಗಿತ್ತು! ಇದು ಹಾಗಿಲ್ಲ.”

ಮೇಷ್ಟ್ರು ಪುಟವನ್ನು ಬೆಳಕಿಗೆ ಹಿಡಿದರು. ನಕಲು ಹೊಡೆದ ಉತ್ತರಪತ್ರಿಕೆ ನೋಡುವಾಗಿನ ಕೆಮ್ಮು ಕೆಮ್ಮಿ ಮನೆಯೊಳಗೆ ಹೋದರು. ಕೆಳಮನೆಯಾಕೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಅವನ ಕೈಗಿಟ್ಟಳು.

“ಹೋಗ್ಲಿ ಬಿಡಿ. ಅಷ್ಟು ರಂಪ ಆದ್ಮೇಲೆ ಅವರು ಯಾಕೆ ಹಾಕ್ತಾರೆ. ಆದ್ರೂ... ನಿಮಗೆ ನೀವೇ ‘ಮುದ್ದು’ ಅಂತ ಬರ್ಕೋಬಾರ್ದಿತ್ತು.”

ಅವನು ಬಾಯಿ ತೆರೆದ. ಕೊಟ್ಟ ಮಾತು ನೆನಪಾಯಿತು. ಮುಚ್ಚಿದ.

“ಹೌದಕ್ಕಾ,” ಎಂದ. “ತಪ್ಪಾಯ್ತು.”

ಮೇಲೆ ಹೋಗಿ ನಲವತ್ತೆರಡನ್ನೂ ನೆಲದ ಮೇಲೆ ಸಾಲಾಗಿ ತೆರೆದಿಟ್ಟ. ನಲವತ್ತೊಂದೂ ನಕಲು, ಇದೊಂದೇ ಅಸಲು ಎಂದು ಎಣಿಸಿಕೊಳ್ಳುವಾಗ, ಒಂಟೆಯ ಭಯದ ಪ್ರಶ್ನೆಗೆ ಉತ್ತರ ಹೇಳಿದವರು ಯಾರೆಂಬುದು ಥಟ್ಟನೆ ಹೊಳೆಯಿತು. ಸಹಿ ಹಾಕಿದ ಕೈಯೇ ಕತೆಗಳನ್ನೂ ಬರೆದಿದ್ದರೆ? ಆಗ ಅಸಲು ನಲವತ್ತೊಂದು. ನಕಲು, ಅವನ ಹೆಸರಿರುವ ಒಂದೇ.

ಮತ್ತೆ ಹೋಗಿ ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಕತೆಗಳನ್ನು ಬರೆದವರು ಯಾರೆಂದು ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.